ಹೊಳಿದಂಡಿ ಸಣ್ಣ ಹೋಟೆಲಿನ್ಯಾಗ ಎರಡು ರಾತ್ರಿ: ಅವ್ವನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಕಿಲ್ಲಾದ ಮಗಳು, ನವೆಂಬರ್ 9

ಎಲ್ಲಾರಿಗೂ ಶರಣು. ನಾನಿರೋದು ಬೆಳಗಾವಿ, ತವರುಮನಿ ಬಾಗಲಕೋಟಿ. ಅವ್ವಗ ಈಗ 71. ಹಳೇ ಬಾಗಲಕೋಟಿಯೊಳಗ ನಮ್ಮ ಮನಿ ಘಟಪ್ರಭೆಗೆ ಸಮೀಪ ಇತ್ತು. ಆಲಮಟ್ಟಿ ಹಿನ್ನೀರಿಗೆ ಅದು ಹೋತು, ನವನಗರಕ್ಕ ಬಂದ್ವಿ. ಸೈಟ್ ಸಿಕ್ತು, ಮನಿ ಕಟ್ಟಿದ್ವಿ, ಲಗ್ನ ಮುಂಜಿವಿ ಎಲ್ಲಾ ಅಲ್ಲೇ ಆದವು. ಆದರ ಮೊನ್ನೆ ದೀಪಾವಳಿಗೆ ಹೋದಾಗ ಅವ್ವ ಕಸಬರಿಗಿ ಹಿಡ್ಕೊಂಡು ಅಂಗಳದಾಗ ನಿಂತಾಕಿ, "ಹೊಳಿ ಸಪ್ಪಳ ಕೇಳ್ಕೋತ ಮಲಗಿ ಎಷ್ಟು ವರ್ಷ ಆತವ್ವಾ" ಅಂದಳು. ಆ ಮಾತು ನನ್ನ ಬೆನ್ನು ಹತ್ತೇತಿ.

ಡಿಸೆಂಬರಿನ್ಯಾಗ ಎರಡು ರಾತ್ರಿ ಆಕೀನ್ನ ಹೊಳಿದಂಡಿಮ್ಯಾಲೆ ಉಳಿಸ್ಕೊಂಡು ಬರಬೇಕಂತ ಮಾಡೀನಿ. ಈಜುಕೊಳ, ಡಿಜೆ ಇರೋ ರಿಸಾರ್ಟ್ ಬ್ಯಾಡ. ಆರೇಳು ಖೋಲಿಯ ಸಣ್ಣ ಜಾಗ, ಗದ್ದಲಿಲ್ಲದ ಊರು, ಮನಿ ಊಟ. ಆಕಿಗೆ ಮಂಡಿ ನೋವು, ಮೆಟ್ಟಲ ಬಾಳ ಹತ್ತಂಗಿಲ್ಲ. ರಾತ್ರಿಗೆ 4,000 ರೂಪಾಯಿತನಕ ಕೊಡ್ತೀನಿ. ಪಟ್ಟದಕಲ್ಲಿನ ಆಚೆಕಡೆ ಮಲಪ್ರಭೆ ದಂಡಿಗೆ ಹಳೇ ಮಾಳಿಗಿ ಮನಿಯೊಂದನ್ನ ಹೋಟೆಲ್ ಮಾಡ್ಯಾರಂತ ಕೇಳೀನಿ. ಯಾರರ ಉಳಕೊಂಡೀರೇನು? ಬ್ಯಾರೆ ಜಾಗಾನೂ ಹೇಳ್ರಿ. ಹೋಟೆಲಿನ ಹೆಸರು, ನಂಬರ್ ಮಾತ್ರ ಇಲ್ಲಿ ಹಾಕದ ನನಗ ಖಾಸಗಿಯಾಗಿ ಕಳಸ್ರಿ.

ಖಾನಾಪುರ ಹಂಚು, ನವೆಂಬರ್ 9

ಅಕ್ಕಾರ, ಮಲಪ್ರಭೆ ಒಂದು ಹೊಳಿ ಅಲ್ಲ, ಮೂರು ಅಂತ ತಿಳ್ಕೋರಿ. ನಮ್ಮ ತಾಲೂಕಿನ ಕಣಕುಂಬಿಯೊಳಗ ಹುಟ್ಟಿ ನವಿಲುತೀರ್ಥ ಡ್ಯಾಮ್ ಮುಟ್ಟೋತನಕ ಒಂದು. ಡ್ಯಾಮಿನ ಕೆಳಗ ಪಟ್ಟದಕಲ್ಲು, ಐಹೊಳಿ ದಾಟೋತನಕ ಇನ್ನೊಂದು. ಕೂಡಲಸಂಗಮದ ಹಂತೇಕ ಕೃಷ್ಣೆಗೆ ಸೇರೋದು ಮೂರನೇದು.

ಸಪ್ಪಳಾನ ಬೇಕಂದ್ರ ಖಾನಾಪುರಕ್ಕ ಬರ್ರಿ. ಇಲ್ಲಿ ಹೊಳಿ ಇನ್ನೂ ಸಣ್ಣದು, ಡಿಸೆಂಬರಿನ್ಯಾಗ ಕಲ್ಲಿನ ಸಂದ್ಯಾಗ ಹಾದು ಹರಿತಿರ್ತೈತಿ, ದಂಡಿಗುಂಟ ಗಿಡದ ನೆರಳು. ನಿಮಗ ಬೆಳಗಾವಿಯಿಂದ ಬರೇ 25 ಕಿಲೋಮೀಟರ್ ಚಿಲ್ಲರೆ. ಅಸೋಗಾದ ರಾಮಲಿಂಗೇಶ್ವರ ಗುಡಿ ಹೊಳಿಗೆ ಹತ್ತೇ ಐತಿ, ಹಿರಿಯರು ಅಲ್ಲಿ ಅರ್ಧಾ ದಿನ ಆರಾಮ ಕೂಡ್ತಾರ. ಹಲಸಿಗೆ ಹೋದ್ರ ಕದಂಬರ ಕಾಲದ ಊರು, ಭೂವರಾಹ ನರಸಿಂಹನ ಗುಡಿ. ಊರೊಳಗ ಹಂಚಿನ ಕಾರ್ಖಾನಿ, ಕುಂಬಾರರ ಮಣ್ಣು ಬಿಟ್ರ ಗದ್ದಲಂತ ಏನೂ ಇಲ್ಲ. ಒಂದೇ ತೊಂದರಿ ಅಂದ್ರ ಚಳಿ. ಹೊಳಿದಂಡಿಗೆ ಮುಂಜಾನೆ ಎಂಟರತನಕ ಮಂಜು ಸರಿಯಂಗಿಲ್ಲ. ಮಂಡಿನೋವಿನವರಿಗೆ ಅದನ್ನ ನೋಡಿ ಹೇಳ್ರಿ.

ಬೆಳಕಿಂಡಿ, ನವೆಂಬರ್ 10

ನೀವು ಕೇಳಿದ ಆ ಮಾಳಿಗಿ ಮನಿಯೊಳಗ ನಾನು, ನಮ್ಮ ಮನಿಯಾಕಿ ಹೋದ ವರ್ಷ ಅಕ್ಟೋಬರಿನ್ಯಾಗ ಎರಡು ರಾತ್ರಿ ಇದ್ವಿ. ನೋಡಿದ್ದು ನೋಡಿದ್ಹಂಗ ಬರಿತೀನಿ.

ಆರು ಖೋಲಿ. ಎರಡು ಹೊಳಿ ಮುಂದ, ನಾಕು ಹಿತ್ತಲ ಕಡೆ. ಗ್ವಾಡಿ ಕಲ್ಲು ಮಣ್ಣಿಂದು, ಮೊಳ ಮೀರಿ ದಪ್ಪ. ಮ್ಯಾಲೆ ಕಟ್ಟಿಗಿ ತೊಲಿ, ಜಂತಿ, ಅದರ ಮ್ಯಾಲೆ ಹಾಳಮಣ್ಣಿನ ಮೇಲ್ಮುದ್ದಿ. ಬೆಳಕಿಂಡಿಗೆ ಗಾಜು ಹಾಕ್ಯಾರ, ಮುಂಜಾನೆ ಬಿಸಲು ಒಂದು ಕೋಲಿನ್ಹಂಗ ಹಾಸಿಗಿ ಮ್ಯಾಲೆ ಬೀಳ್ತೈತಿ. ಮಧ್ಯಾಹ್ನ ಹೊರಗ ಎಷ್ಟರ ಬಿಸಲಿರ್ಲಿ, ಒಳಗ ಫ್ಯಾನ್ ಬೇಕು ಅನಸಲಿಲ್ಲ. ಟಿವಿ ಇಲ್ಲ. ಖೋಲಿ ಒಳಗ ಮೊಬೈಲ್ ಹಿಡಿಯಂಗಿಲ್ಲ, ಮಾಳಿಗಿ ಏರಿದ್ರ ಸಿಗ್ತೈತಿ.

ಊಟದ್ದು ಬ್ಯಾರೇನ ಹೇಳಬೇಕು. ಅಡಗಿ ಮಾಡೋ ಅಕ್ಕ ಅದೇ ಊರಾಕಿ. ನಾವು ತಾಟಿನ ಮುಂದ ಕೂತ ಮ್ಯಾಲೇನ ರೊಟ್ಟಿ ಬಡಿಯಾಕ ಚಾಲು ಮಾಡ್ತಾಳ. ಬದನಿಕಾಯಿ ಎಣ್ಣಿಗಾಯಿ, ಹೆಸರಕಾಳ ಪಲ್ಯ, ಗುರೆಳ್ಳು ಚಟ್ನಿ, ಕೆನಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು. ಎರಡನೇ ದಿನ ಪುಂಡಿಪಲ್ಯ ಮಾಡಿದ್ಲು, ಅದಕ್ಕ ಜ್ವಾಳದ ನುಚ್ಚು ಹಾಕಿ. ನಾಷ್ಟಾ ಸೇರಿ ರಾತ್ರಿಗೆ 3,600 ತಗೊಂಡ್ರು, ಊಟ ಬ್ಯಾರೆ.

ಇನ್ನ ಕೊರತಿ. ಹೊಳಿ ಮುಂದಿನ ಎರಡೂ ಖೋಲಿಗೆ ಹೊಸ್ತಿಲ ಎತ್ತರ, ಮೊಣಕಾಲೆತ್ತಿ ದಾಟಬೇಕು. ಹೊಳಿಗೆ ಇಳಿಯೋ ಪಾವಟಿಗಿ ಹಳೇವು, ಒಂದು ಗಿಡ್ಡ ಒಂದು ಎತ್ತರ, ಹಿಡಕೊಳ್ಳಾಕ ಏನೂ ಇಲ್ಲ. ನಿಮ್ಮ ತಾಯಾರಿಗೆ ಅದು ಆಗಂಗಿಲ್ಲ. ಆದ್ರ ಪಡಸಾಲಿ ಮುಂದಿನ ಕಟ್ಟಿಮ್ಯಾಲೆ ಕೂತ್ರ ಹೊಳಿ ಪೂರ್ತಿ ಕಾಣಸ್ತೈತಿ. ಬಿಸಿನೀರು ಸೋಲಾರಿಂದು, ಸಂಜಿಮುಂದ ಜಳಕ ಮಾಡೋದು ಚಲೋ.

ನಿವೃತ್ತ ನೀರಾವರಿ, ನವೆಂಬರ್ 10

ನೀರಾವರಿ ಕೆಲಸದಲ್ಲೇ ಜೀವಮಾನ ಕಳೆದವನು ನಾನು. ತಂಗೀ, ಹೋಟೆಲು ಆಮೇಲೆ ನೋಡೋಣ, ಮೊದಲು ನೀರಿನ ಮಾತು ಕೇಳು.

ನವಿಲುತೀರ್ಥದ ರೇಣುಕಾಸಾಗರ ಸುಮಾರು 37 ಟಿಎಂಸಿಯ ಜಲಾಶಯ. ಅಲ್ಲಿ ನಿಂತ ನೀರು ಎಡದಂಡೆ, ಬಲದಂಡೆ ಕಾಲುವೆಗಳಿಗೆ ಹೋಗುತ್ತದೆ, ಹುಬ್ಬಳ್ಳಿ ಧಾರವಾಡದ ನಲ್ಲಿಗೂ ಹೋಗುತ್ತದೆ. ಕೆಳಗಿನ ಹೊಳೆಗೆ ಉಳಿಯುವುದು ಕಡಿಮೆ. ಹಾಗಾಗಿ ಪಟ್ಟದಕಲ್ಲಿನ ಕಡೆ ಮಾರ್ಚ್ ನಂತರ ಹೋದವರು ನೋಡುವುದು ಮರಳು, ಬಂಡೆ ಮತ್ತು ಅಲ್ಲಲ್ಲಿ ನಿಂತ ಮಡು. ಫೋಟೋದಲ್ಲಿ ತುಂಬಿದ ಹೊಳೆ ನೋಡಿ ಏಪ್ರಿಲ್ ತಿಂಗಳಿಗೆ ಬುಕ್ ಮಾಡಿ ಮೋಸಹೋದೆವು ಅನ್ನುವವರಿದ್ದಾರೆ. ಹೊಳೆ ಯಾರಿಗೂ ಮೋಸ ಮಾಡಿಲ್ಲ, ತಿಂಗಳು ಕೇಳದೆ ಹೋದದ್ದು ತಪ್ಪು.

ಡಿಸೆಂಬರಿನಲ್ಲಿ ನೀನು ಕೇಳಬೇಕಾದ ಪ್ರಶ್ನೆ ಒಂದೇ: ಹೋಟೆಲಿನ ಹತ್ತಿರ ಬಾಂದಾರ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡು, ಇದೆಯೇ, ಇದ್ದರೆ ಎಷ್ಟು ದೂರ? ಮಳೆಗಾಲ ಮುಗಿದ ಮೇಲೆ ಬಾಂದಾರಕ್ಕೆ ಗೇಟು ಹಾಕಿ ನೀರು ತಡೆಯುತ್ತಾರೆ. ಅದರ ಮೇಲ್ಭಾಗದಲ್ಲಿ ಹೊಳೆ ಕೆರೆಯ ಹಾಗೆ ಸುಮ್ಮನೆ ನಿಂತಿರುತ್ತದೆ. ಸಪ್ಪಳ ಬರುವುದು ಬಾಂದಾರ ತುಂಬಿ ಮೇಲಿಂದ ನೀರು ದುಮುಕಿದರೆ, ಅದೂ ಹತ್ತಿರದ ಮನೆಗಳಿಗೆ ಮಾತ್ರ.

ಎರಡನೆಯದು ನೆರೆ. ಡ್ಯಾಮಿನ ಕೆಳಗೆ ಬೆಣ್ಣೆಹಳ್ಳವೂ ಬಂದು ಸೇರುತ್ತದೆ. ಅದು ತುಂಬಿ ಬಂದು, ಡ್ಯಾಮಿನಿಂದಲೂ ನೀರು ಬಿಟ್ಟರೆ ಹೊಳೆ ಊರೊಳಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳೇ ನೀರಿನಲ್ಲಿ ನಿಂತಿದ್ದವು. ಆ ಭಾಗದಲ್ಲಿ ಹೊಳೆದಂಡೆಯ ಯಾವ ಹೋಟೆಲಿಗೆ ಹೋದರೂ "2019ರಲ್ಲಿ ನೀರು ಎಲ್ಲಿತನಕ ಬಂದಿತ್ತು?" ಎಂದು ಕೇಳು. ಗೋಡೆಯ ಮೇಲೆ ಕೈಯಿಟ್ಟು ತೋರಿಸುವ ಮಾಲೀಕನ ಹೋಟೆಲಿನಲ್ಲಿ ಧೈರ್ಯವಾಗಿ ಉಳಿಯಬಹುದು.

ಜಮಖಂಡಿ ಮೂಲ, ನವೆಂಬರ್ 10

ಸಾಹೇಬ್ರ ಮಾತು ಖರೇ. ನಾವು ಬೆಂಗಳೂರಿಂದ ಬಂದಾಗ ಇದೇ ಜಿಲ್ಲಾದಾಗ ಒಂದ್ಕಡೆ "ನದಿ ನೋಟದ ಕೊಠಡಿ" ಅಂತ 5,200 ಕೊಟ್ಟು ಹಿಡಿದ್ವಿ. ಕಿಟಕಿ ತಗದ್ರ ಜನರೇಟರ್ ಷೆಡ್ಡು, ಅದರಾಚೆ ಕಂಪೌಂಡ್ ಗ್ವಾಡಿ, ಅದರಾಚೆ ಎಲ್ಲೋ ಹೊಳಿ. ಮೂರು ವರ್ಷದ ಮಗಳು ರಾತ್ರಿಯೆಲ್ಲಾ ಆ ಜನರೇಟರ್ ಸದ್ದಿಗೆ ಅತ್ತಳು. ಖೋಲಿ ಒಳಗ ನಿಂತು ಕಿಟಕಿ ಹೊರಗಿಂದು ವಿಡಿಯೋ ಕಳಸ್ರಿ ಅಂತ ಮೊದಲೇ ಕೇಳ್ರಿ. ಸಣ್ಣ ಹೋಟೆಲಿನವರು ಅದಕ್ಕ ಬ್ಯಾಸರ ಮಾಡ್ಕೊಳ್ಳಂಗಿಲ್ಲ.

ಸಂಗಮದ ಗಾಳಿ, ನವೆಂಬರ್ 11

ಇಷ್ಟೆಲ್ಲಾ ಯಾಕ್ರಿ, ಕೂಡಲಸಂಗಮಕ್ಕ ಬರ್ರಿ. ಕೃಷ್ಣಾ ಮಲಪ್ರಭಾ ಎರಡೂ ಒಂದೇ ನೋಟಕ್ಕ. ನೀರು ಬ್ಯಾಸಿಗಿಯೊಳಗೂ ಇರ್ತೈತಿ. ಅಣ್ಣ ಬಸವಣ್ಣನ ಐಕ್ಯಮಂಟಪಕ್ಕ ಇಳದು ಹಣಿ ಹಚ್ಚಿ ಬಂದ್ರ ತಾಯಾರ ಮನಸೂ ತಂಪಾಗ್ತೈತಿ.

ನಿವೃತ್ತ ನೀರಾವರಿ, ನವೆಂಬರ್ 11

ಸಂಗಮದ ಪುಣ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ನಾರಾಯಣಪುರದ ಬಸವಸಾಗರದ ಹಿನ್ನೀರು. ಕಣ್ಣಿಗೆ ತುಂಬ ನೀರು ಕಾಣುತ್ತದೆ, ಕಿವಿಗೆ ಏನೂ ಕೇಳುವುದಿಲ್ಲ. ತಂಗಿಯ ತಾಯಿ ಕೇಳಿದ್ದು ಸಪ್ಪಳ.

ಸೆಕ್ಟರಿನಾಕಿ, ನವೆಂಬರ್ 11

ನಾನೂ ಮುಳುಗಡೆಯವರ ಮನಿ ಸೊಸಿ. ಅಕ್ಕಾ, ದಯಮಾಡಿ ಹಿನ್ನೀರಿನ ದಂಡಿಗೆ ಮಾತ್ರ ಅವರನ್ನ ಒಯ್ಯಬ್ಯಾಡ್ರಿ. ನಮ್ಮ ಮಾವನ್ನ ಒಮ್ಮೆ ಹೆರಕಲ್ ಕಡೆ ಹಕ್ಕಿ ತೋರಸಾಕಂತ ಕರ್ಕೊಂಡು ಹೋಗಿದ್ವಿ. ಪಟ್ಟೆತಲೆ ಹೆಬ್ಬಾತು ಬಂದಿದ್ವು, ಹುಡುಗರು ಕುಣದ್ವು. ಮಾವ ಹಕ್ಕಿ ನೋಡಲೇ ಇಲ್ಲ. ನೀರು ನೋಡ್ಕೋತ ನಿಂತವರು ಮನಿಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮಗದು ನೋಟ, ಅವರಿಗೆ ಅದರ ತಳದಾಗ ಮನಿ ಐತಿ.

ಬೀಳಗಿ ಬಯಲು, ನವೆಂಬರ್ 11

ಎಲ್ಲಾರೂ ಹಂಗ ಇರಂಗಿಲ್ರಿ. ನಮ್ಮಪ್ಪ ವರ್ಷಾ ಮೇ ತಿಂಗಳಿಗೆ ನೀರಿಳಿದ ಮ್ಯಾಲೆ ತಾನಾಗೇ ಹೊಂಟ ನಿಲ್ತಾನ. ಅಡಿಪಾಯದ ಕಲ್ಲು ಕಾಣಸ್ತಾವು. "ಇದು ಅಡಗಿ ಮನಿ, ಇದು ದನದ ಕೊಟಗಿ" ಅಂತ ಮೊಮ್ಮಕ್ಕಳಿಗೆ ತೋರಸ್ತಾನ. ಅವನಿಗೆ ಅದು ಬೇಕಾಗೈತಿ. ಈಗ 519.60 ಮೀಟರ್ ಇರೋ ಆಲಮಟ್ಟಿ ಮಟ್ಟ 524.256ಕ್ಕ ಏರಿಸಬಹುದು ಅಂತ ಕೃಷ್ಣಾ ನೀರಿನ ನ್ಯಾಯಮಂಡಳಿ 2010ರಾಗೇ ಹೇಳೇತಿ. ಅದು ಏರಿದ್ರ ಆ ಕಲ್ಲೂ ಕಾಣವಲ್ವೇನೋ ಅಂತ ಅಪ್ಪಗ ಚಿಂತಿ. ಅಕ್ಕಾ, ತಾಯಾರನ್ನೇ ಕೇಳ್ರಿ. ನಾವು ನಾವೇ ತೀರ್ಮಾನ ಮಾಡೋದು ಬ್ಯಾಡ.

ಕಿಲ್ಲಾದ ಮಗಳು, ನವೆಂಬರ್ 12

ಎಲ್ಲಾರೂ ಇಷ್ಟು ಮನಸಿಟ್ಟು ಬರದ್ದು ನೋಡಿ ಕಣ್ಣು ತುಂಬಿ ಬಂತು. ಅವ್ವನ್ನ ಕೇಳಿದೆ. "ಹಿನ್ನೀರು ದಿನಾ ಬಸ್ಸಿನ್ಯಾಗ ಹೋಗ್ತ ಬರ್ತ ಕಾಣ್ತೈತಿ. ನನಗ ಹರಿಯೋ ನೀರು ಬೇಕು" ಅಂದಳು. ಖಾನಾಪುರ ಅಂದೆ, ಚಳಿಗೆ ಹೆದರಿದಳು. ಪಟ್ಟದಕಲ್ಲಿನ ಕಡೇನ ಹೋಗ್ತೀವಿ. ಫೋನ್ ಮಾಡಿ ಬಾಂದಾರ ಕೇಳಿದೆ. ಕೂಗಳತಿ ದೂರದಾಗ ಐತಂತ, ಈ ಸಲ ಮಳಿ ಚಲೋ ಆಗಿ ಇನ್ನೂ ಮ್ಯಾಲಿಂದ ಬೀಳಾಕತ್ತೇತಂತ. 2019ರ ನೀರು ಪಡಸಾಲಿ ಕಂಬದ ಅರ್ಧಕ್ಕ ಬಂದಿತ್ತು ಅಂತ ಮಾಲೀಕರು ತಾವಾಗೇ ಹೇಳಿದ್ರು.

ರೊಟ್ಟಿ ಬುಟ್ಟಿ, ನವೆಂಬರ್ 12

ದಿನ ನೋಡಿ ಹಿಡೀರಿ. ಶನಿವಾರ ಭಾನುವಾರ ಬ್ಯಾಡ. ಜನವರಿಗೆ ಮುಂದ ಹಾಕಿದ್ರಂತೂ ಕೆಟ್ಟಿರಿ. ಬನದ ಹುಣ್ಣಿಮಿಗೆ ಬನಶಂಕರಿ ತೇರು, ಜಾತ್ರಿ ತಿಂಗಳಗಟ್ಟಲೆ, ನಾಟಕ ಕಂಪನಿಗಳೆಲ್ಲಾ ಅಲ್ಲೇ ಡೇರೆ ಹಾಕಿರ್ತಾವು, ಬದಾಮಿಯೊಳಗ ಒಂದು ಖೋಲಿ ಸಿಗಂಗಿಲ್ಲ. ಸಂಕ್ರಮಣದ ದಿನ ಹೊಳಿದಂಡಿ ಅಂದ್ರ ಊರಿಗೂರೇ ಬುತ್ತಿ ಕಟ್ಟಿಕೊಂಡು ಬಂದಿರ್ತೈತಿ. ಸಜ್ಜಿ ರೊಟ್ಟಿ, ಮಾದಲಿ, ಎಣ್ಣಿಗಾಯಿ, ಚಂದ ಅನ್ನೋದು ಚಂದಾನ, ಶಾಂತ ಮಾತ್ರ ಅಲ್ಲ.

ರೈಲಿಗೆ ಬರೋರಿಗೆ ಒಂದು ಮಾತು. ಬದಾಮಿ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ, ಅಲ್ಲಿಂದ ಪಟ್ಟದಕಲ್ಲು ಮತ್ತ ಇಪ್ಪತ್ತರ ಮ್ಯಾಲೆ. ಗಾಡಿ ಮೊದಲೇ ಮಾತಾಡಿಡ್ರಿ. ಹುಡುಗರಿದ್ರ ಹೊಳಿಗೆ ಇಳಸಬ್ಯಾಡ್ರಿ. ಮರಳು ತಗದ ಗುಂಡಿ ಮ್ಯಾಲಿಂದ ಕಾಣಂಗಿಲ್ಲ, ಮೊಸಳಿಗಳೂ ಅದಾವು.

ಕಿಲ್ಲಾದ ಮಗಳು, ಡಿಸೆಂಬರ್ 18

ಹೋಗಿ ಬಂದ್ವಿ. ಬರಿಯೋದು ತಡ ಆತು, ಯಾಕಂದ್ರ ಹೆಂಗ ಬರೀಬೇಕಂತ ತಿಳಿಲಿಲ್ಲ.

ಮಂಗಳವಾರ ಮಧ್ಯಾಹ್ನ ಮುಟ್ಟಿದ್ವಿ. ಬೆಳಕಿಂಡಿ ಅಣ್ಣಾರು ಹೇಳಿದ್ಹಂಗ ಹಿತ್ತಲ ಕಡೆ ಖೋಲಿ ತಗೊಂಡಿದ್ದೆ, ಹೊಸ್ತಿಲ ಗಿಡ್ಡ. ಅವ್ವ ಮಂಚದ ಮ್ಯಾಲೆ ಕೂಡಲೇ ಇಲ್ಲ. ಸೀದಾ ಪಡಸಾಲಿಗೆ ಹೋಗಿ ಕಟ್ಟಿ ಹಿಡ್ಕೊಂಡು ಕೂತಳು. ಹೊಳಿ ಅಗಲ ಇಲ್ಲ, ನೀರು ಹಸರು ಛಾಯಾ, ಆಚೆ ದಂಡಿಗೆ ಜ್ವಾಳ ತೆನಿಗೆ ಬಂದಿತ್ತು. ಸ್ವಲ್ಪ ಹೊತ್ತಿನ ಮ್ಯಾಲೆ, "ಇದು ನಮ್ಮ ಹೊಳಿ ಅಲ್ಲ" ಅಂದಳು. ನನ್ನ ಜೀವ ಧಸಕ್ ಅಂತು. ತಪ್ಪು ಮಾಡಿದೆನೇನೋ ಅನಸ್ತು. ಆಕಿನ ಮತ್ತ, "ನಮ್ಮದರ ನೀರು ಈ ದಿನಕ್ಕ ಇಷ್ಟು ತಿಳಿ ಇರ್ತಿರಲಿಲ್ಲ. ಇದು ಚಲೋ ಐತಿ" ಅಂದಳು.

ರಾತ್ರಿ ಪಡಸಾಲಿಯೊಳಗ ಜಮಖಾನಿ ಹಾಸಿಕೊಡ್ರಿ ಅಂತ ಅಡಗಿ ಅಕ್ಕನ್ನ ಕೇಳಿದಳು. ಮಾಲೀಕರು ಚಳಿ ಅಂದ್ರು, ಆಕಿ ಕೇಳಲಿಲ್ಲ. ಎರಡು ಕೌದಿ, ಒಂದು ಕಂಬಳಿ ಕೊಟ್ರು. ನಾನೂ ಬಾಜೂಕ ಮಲಗಿದೆ. ಹತ್ತಕ್ಕ ಊರಾಗಿನ ಸದ್ದೆಲ್ಲಾ ಅಡಗಿದ ಮ್ಯಾಲೆ ಬಾಂದಾರದ ಸಪ್ಪಳ ಶುರು ಆತು. ಶುರು ಆತು ಅಂದ್ರ ತಪ್ಪಾಗ್ತೈತಿ, ಅದು ಮೊದಲಿಂದ್ಲೂ ಇತ್ತು, ನಮಗ ಆಗ ಕೇಳಸ್ತು. ಜ್ವಾಳ ಹಸನ ಮಾಡೋವಾಗ ಮರದಾಗ ಕೇರಿದ್ರ ಬರ್ತೈತಲ್ಲ, ಅಂಥಾ ಸಪ್ಪಳ, ನಿಲ್ಲದ. ಅವ್ವ ಒಂದು ಮಾತೂ ಆಡಲಿಲ್ಲ. ಐದು ನಿಮಿಷಕ್ಕ ಗೊರಕಿ.

ಮರುದಿನ ಮುಂಜಾನೆ ಪಟ್ಟದಕಲ್ಲಿನ ವಿರೂಪಾಕ್ಷಗ ಹೋದ್ವಿ. ಪಲ್ಲವರನ್ನ ಗೆದ್ದ ಗಂಡನ ಹೆಸರಿಗೆ ಲೋಕಮಹಾದೇವಿ ಕಟ್ಟಿಸಿದ ಗುಡಿ ಅಂತ ಹೇಳಿದ್ದಕ್ಕ ಅವ್ವ, "ಹೆಣ್ಣುಮಗಳು ಕಟ್ಟಿಸಿದ್ದಾ?" ಅಂತ ಎರಡು ಸಲ ಕೇಳಿ, ನಂದಿ ಮಂಟಪದಾಗ ಕೂತು ಕಂಬ ಒಂದೊಂದೇ ನೋಡಿದಳು. ಮೂಡಣ ಬಾಗಲಾಚೆ ಹೊಳಿ. ಅಲ್ಲಿ ಮಲಪ್ರಭೆ ಉತ್ತರಕ್ಕ ಹರಿತೈತಿ, ಅದಕ್ಕ ಆ ಜಾಗಕ್ಕ ಹೆಚ್ಚು ಮಹತ್ವ ಅಂತ ಪೂಜಾರಿ ಹೇಳಿದ್ರು. ಐಹೊಳಿಗೆ ಹೋಗಬೇಕಂತ ಇತ್ತು, ಮೇಗುಟಿ ಗುಡ್ಡ ಆಕಿಗೆ ಏರಾಕಾಗಂಗಿಲ್ಲ ಅಂತ ಬಿಟ್ವಿ.

ಈಗ ನಾನು ಬರೀಬೇಕಾಗಿದ್ದು. ಆ ದಿನ ಮಧ್ಯಾಹ್ನ ಅವ್ವ ಪಡಸಾಲಿಯೊಳಗ ಅಂಗಾತ ಮಲಗಿ ತೊಲಿ ನೋಡಾಕತ್ತಿದ್ದಳು. ಒಮ್ಮೆಲೇ ಎದ್ದು ಮಾಲೀಕರನ್ನ ಕರದು, "ಈ ತೊಲಿ ಈ ಮನೀದಲ್ಲ, ಎಲ್ಲಿಂದ ತಂದೀರಿ?" ಅಂದಳು. ಆ ಮನಷ್ಯಾ ಗಾಬರಿ ಆದ್ರು. ಆಮ್ಯಾಲೆ ನಿಧಾನ ಹೇಳಿದ್ರು. ಮೂಲ ಮನಿ ತೊಲಿಗಳು ಗೆದ್ದಲು ತಿಂದು ಹೋಗಿದ್ವಂತ. ನಾಕು ಕಂಬ, ಎರಡು ತೊಲಿ, ತಲಿಬಾಗಿಲ ಚೌಕಟ್ಟು ಕಟ್ಟಿಗಿ ಅಡ್ಡೆಯೊಳಗ ಕೊಂಡದ್ದು. ಅಡ್ಡೆಯವರು ಮುಳುಗಡೆ ಊರುಗಳಿಂದ ಜನ ಮನಿ ಬಿಚ್ಚಿ ಮಾರಿದ ಸಾಮಾನು ತಂದಿಟ್ಟಿದ್ರಂತ.

ಅವ್ವಗ ಹೆಂಗ ಗೊತ್ತಾತು ಅಂದ್ರ, ತೊಲಿಯೊಳಗ ತೊಟ್ಟಲ ಕಟ್ಟೋ ಕಬ್ಬಿಣದ ಕೊಂಡಿ ಎರಡು ಇದ್ದವು. "ತೊಟ್ಟಲ ಯಾರರ ತಲಿಬಾಗಿಲ ನಟ್ಟನಡುವ ಕಟ್ತಾರೇನು? ಇದು ಒಳಗಿನ ಖೋಲೀದು." ಅಷ್ಟಂದು ಕಂಬ ಹಿಡ್ಕೊಂಡು ನಿಂತಳು. ಕಂಬದ ಮ್ಯಾಲೆ ಅಂಗೈಯಿಂದ ಮ್ಯಾಲಿಂದ ಕೆಳಗ ಸವರಿದಳು, ಆಕಳ ಮೈ ಸವರಿದ್ಹಂಗ. ನಮ್ಮ ಮನೀದೂ ಹಂಗೇ ಮಾರಿದ್ವಿ. ಟ್ರ್ಯಾಕ್ಟರಿನ್ಯಾಗ ಹೇರಿದ ದಿನ ಅವ್ವ ಒಳಗಿಂದ ಹೊರಗ ಬರಲಿಲ್ಲ, ನಾನಾಗ ಸಣ್ಣಾಕಿ, ಅದಷ್ಟು ನೆಪ್ಪೈತಿ. ಇವು ನಮ್ಮವು ಅಂತ ಹೇಳಾಕತ್ತಿಲ್ಲ. ನಮ್ಮ ಕಂಬದ ಕೆತ್ತನಿ ಬ್ಯಾರೆ ಇತ್ತು ಅಂತ ಅವ್ವನೇ ಹೇಳಿದಳು. ಆದ್ರ ಯಾರದೋ ಕೂಸಿನ ತೊಟ್ಟಲ ತೂಗಿದ ತೊಲಿ ಅದು.

ಸೆಕ್ಟರಿನಾಕಿ, ಡಿಸೆಂಬರ್ 18

ಓದಿ ಎದಿ ಭಾರ ಆತಕ್ಕಾ. ಆದ್ರ ನನಗ ಸಿಟ್ಟೂ ಬಂತು. ನಮ್ಮ ಮನಿ ಕಂಬದ ಕೆಳಗ ಕೂತು ಯಾರೋ ಚಹಾ ಕುಡದು ಫೋಟೋ ತಗಸ್ಕೊಂಡು ಹೋಗ್ತಾರ. ರಾತ್ರಿಗೆ ಸಾವಿರಗಟ್ಟಲೆ ಅವರಿಗೆ, ನಮಗ ಆಗ ಕಟ್ಟಿಗಿ ತೂಕದ ರೇಟು.

ಬೆಳಕಿಂಡಿ, ಡಿಸೆಂಬರ್ 18

ನಾನು ಆ ಕೊಂಡಿ ನೋಡೀನಿ. ಅಲಂಕಾರಕ್ಕ ಬಿಟ್ಟಾರಂತ ತಿಳಕೊಂಡು ಅದಕ್ಕ ನಮ್ಮ ಚೀಲ ನೇತಹಾಕಿದ್ದೆ. ತಂಗೀ, ನಿಮ್ಮ ಸಿಟ್ಟು ತಪ್ಪಲ್ಲ. ಆದ್ರ ಅಡ್ಡೆಯೊಳಗ ಬಿದ್ದಿದ್ರ ಅದು ಇಷ್ಟೊತ್ತಿಗೆ ಇಟ್ಟಂಗಿ ಭಟ್ಟಿಗೆ ಉರುವಲ ಆಗಿರ್ತಿತ್ತು.

ಕಿಲ್ಲಾದ ಮಗಳು, ಡಿಸೆಂಬರ್ 19

ತಂಗೀ, ನಿನ್ನ ಮಾತನ್ನೇ ನಾನು ಮಾಲೀಕರ ಮುಂದ ಆಡಿದೆ. ಅವರು ಎದುರು ವಾದ ಮಾಡಲಿಲ್ಲ. "ಯಾವ ಊರಿಂದು ಅಂತ ಗೊತ್ತಿದ್ರ ಬರದು ಹಾಕ್ತಿದ್ದೆ, ಅಡ್ಡೆಯವರು ಹೇಳಲಿಲ್ಲ" ಅಂದ್ರು. ಅವ್ವ ಎರಡು ಊರಿನ ಹೆಸರು ಹೇಳಿ, ಈ ನಮೂನಿ ಕಂಬದ ತಲಿಮ್ಯಾಲಿನ ಬೋದಿಗಿ ಆ ಕಡೆ ಬಡಿಗ್ಯಾರು ಕೆತ್ತತಿದ್ರು ಅಂದಳು, ಖಾತ್ರಿ ಇಲ್ಲ. ಅದಕ್ಕ ಅವರ ಒಪ್ಪಿಗಿ ತಗೊಂಡು ಕೇಳಾಕತ್ತೀನಿ. ಮುಳುಗಡೆ ಊರಿನ ಹಿರಿಯರು ಯಾರರ ನಿಮ್ಮ ಮನಿಯೊಳಗ ಇದ್ರ, ಬಂದು ಕಂಬ, ಚೌಕಟ್ಟು ನೋಡಿ ಹೋಗ್ಲಿ. ಖೋಲಿ ಹಿಡೀಬೇಕಂತಿಲ್ಲ, ರೊಕ್ಕ ಕೇಳಂಗಿಲ್ಲ, ಊಟ ಮಾಡಿಸೇ ಕಳಸ್ತೀವಿ ಅಂದಾರ. ಗುರುತು ಸಿಕ್ರ ಊರಿನ ಹೆಸರು ಕಲ್ಲಿನ ಮ್ಯಾಲೆ ಬರಸ್ತಾರಂತ. ಕಂಬದ ನಾಕೂ ಮಗ್ಗಲ ಫೋಟೋ ನನ್ನ ಹಂತೇಕ ಅದಾವು, ಕೇಳಿದವರಿಗೆ ಕಳಸ್ತೀನಿ.

ಇನ್ನೊಂದು ಕೆಲಸ ಆಗೇತಿ. ಹೊಳಿ ಪಾವಟಿಗಿಗೆ ಹಿಡಿಯಾಕ ಕಬ್ಬಿಣದ ಸಳಿ ಹಾಕಸ್ತೀನಿ ಅಂತ ಅವ್ವಗ ಮಾತು ಕೊಟ್ಟಾರ. ಅವ್ವ ಅವರಿಗೆ ಯುಗಾದಿತನಕ ವಾಯಿದೆ ಕೊಟ್ಟಾಳ.

ನಿವೃತ್ತ ನೀರಾವರಿ, ಡಿಸೆಂಬರ್ 19

ಮುಳುಗಡೆಯ ಹಳ್ಳಿಗಳಲ್ಲಿ ಅಳತೆ ಟೇಪು ಹಿಡಿದು ಮನೆಮನೆಗೆ ಹೋದವರಲ್ಲಿ ನಾನೂ ಒಬ್ಬ. ಕಂಬ ಎಷ್ಟು, ತೊಲೆ ಎಷ್ಟು, ಬಾಗಿಲು ಎಷ್ಟು ಎಂದು ಬರೆದುಕೊಳ್ಳುತ್ತಿದ್ದೆವು. ತಂಗೀ, ಫೋಟೋ ನನಗೆ ಕಳಿಸು.

ಬೀಳಗಿ ಬಯಲು, ಡಿಸೆಂಬರ್ 20

ಅಪ್ಪಗ ಓದಿ ಹೇಳಿದೆ. ಫೋಟೋ ಬ್ಯಾಡಂತ, ಕೈಯಿಂದ ಮುಟ್ಟಿ ನೋಡಬೇಕಂತ. ಬರೋ ಬುಧವಾರ ಕರ್ಕೊಂಡು ಹೊಂಟೀನಿ. ಅಕ್ಕಾ, ಅಲ್ಲಿಯವರಿಗೆ ಮೂರು ಮಂದಿ ಊಟಕ್ಕ ಬರ್ತೀವಂತ ಹೇಳಿಬಿಡ್ರಿ. ಅಪ್ಪಗ ಹಲ್ಲಿಲ್ಲ, ರೊಟ್ಟಿ ಮೆತ್ತಗ ಇರ್ಲಿ.